ಕಲ್ಲಿನಂಥ ಅಕ್ಷರ, ಉದುರದ ಚುಕ್ಕೆ

‘ಪಾಠಶಾಲೆ’ಯ ‘ಠ’ಕಾರದ ನಡುವಣ ಚುಕ್ಕೆ ಉದುರಿದರೆ ಅದು ‘ಪಾರಶಾಲೆ’ಯಾಗುತ್ತದೆ, ‘ಗ್ರಂಥಾಲಯ’ದ ‘ಥ’ಕಾರ ತನ್ನ ಚುಕ್ಕೆಯನ್ನು ಕಳೆದುಕೊಂಡರೆ ‘ಗ್ರಂಧಾಲಯ’ವಾಗುತ್ತದೆ. ಕನ್ನಡವರಿಯದ ಫಲಕದವನಿಗೆ ಆ ಚುಕ್ಕೆ ಕತ್ತರಿಸಿ ಉಳಿದ ಚೂರಿನಂತೆ ಕಾಣುವುದು ಸಹಜ. ಆದರೆ ಅಂಗಡಿಬೀದಿಯ ಫಲಕಗಳೆಲ್ಲ ಅನ್ಯಲಿಪಿಯಲ್ಲಿರುವ ಊರಿನ ಮಗುವಿಗೆ ದೊಡ್ಡ ಗಾತ್ರದ ಕನ್ನಡ ಅಕ್ಷರವು ದಿನವೂ ಕಾಣುವುದು ಶಾಲೆಯ ಗೋಡೆಯ ಮೇಲೆ ಮಾತ್ರ. ಆದುದರಿಂದ ಅಲ್ಲಿನ ಅಕ್ಷರವನ್ನು ಶಾಲೆಯವರೇ ಮಾಡಿಕೊಳ್ಳುವುದು ಲೇಸು.

ಕನ್ನಡದ ಅಕ್ಷರಕ್ಕೂ ಕಲ್ಲಿಗೂ ಇರುವ ನಂಟು ಇಂದಿನ ರಾಜ್ಯದ ಗಡಿಗಳಿಗಿಂತ ಹಳೆಯದು. ತೆಲಂಗಾಣದ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಬಂಡೆಯಲ್ಲಿ ಆದಿಕವಿ ಪಂಪನ ತಮ್ಮ ಜಿನವಲ್ಲಭನು 10ನೆಯ ಶತಮಾನದಲ್ಲಿ ಸಂಸ್ಕೃತ, ಕನ್ನಡ, ತೆಲುಗುಗಳಲ್ಲಿ ಕೊರೆಯಿಸಿದ ಶಾಸನ ಇಂದಿಗೂ ಇದೆ. ಶಾಲೆಯ ಒಳಗೋಡೆಗೆ ಅಂಥ ಕಲ್ಲನ್ನು ತರುವುದು ಸುಲಭವಲ್ಲ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2,700 ಕಿಲೋಗ್ರಾಂ ತೂಗುತ್ತದೆ. ಅಷ್ಟೇ ಗಾತ್ರದ ಥರ್ಮಾಕೋಲ್ 15ರಿಂದ 30 ಕಿಲೋಗ್ರಾಂ ಮಾತ್ರ. ಈ ಹಗುರ ವಸ್ತುವಿಗೆ ಕಲ್ಲಿನ ಮೈಯನ್ನು ಕೊಡಬಹುದು.

ಮೊದಲ ಕೆಲಸ ಕಾಗದದ ಮೇಲಿನದು. ಗಣಕದಲ್ಲಿ ಬರೆದುದನ್ನು ಆ ಅಕ್ಷರಶೈಲಿ ಇಲ್ಲದ ಬೇರೊಂದು ಗಣಕದಲ್ಲಿ ತೆರೆದರೆ ಒತ್ತುಗಳು ಚೆದುರುವುದುಂಟು. ಪೂರ್ಣ ಗಾತ್ರದಲ್ಲಿ ಮುದ್ರಿಸಿ, ಕನ್ನಡ ಶಿಕ್ಷಕರಿಂದ ತಿದ್ದಿಸಿ, ಆ ಹಾಳೆಯನ್ನೇ ಥರ್ಮಾಕೋಲಿನ ಮೇಲೆ ಅಂಟಿಸಿ ಗೆರೆಯ ಗುಂಟ ಕತ್ತರಿಸಬೇಕು. ಒತ್ತು, ಸೊನ್ನೆ, ಚುಕ್ಕೆಗಳು ಬಿಡಿಚೂರುಗಳಾಗಿ ಬರುವುದರಿಂದ ಪ್ರತಿಯೊಂದರ ಹಿಂಬದಿಯಲ್ಲಿ ಅದು ಸೇರಬೇಕಾದ ಅಕ್ಷರವನ್ನು ಬರೆದಿಡಬೇಕು. ಬಿಸಿ ತಂತಿಯಿಂದ ಕತ್ತರಿಸುವಾಗ ಹಾನಿಕರ ಹೊಗೆ ಏಳುತ್ತದೆ. ಆ ಕೆಲಸವನ್ನು ಹಿರಿಯರೇ ಗಾಳಿಯಾಡುವ ಕಡೆ ಮಾಡಬೇಕು.

ಬಳಿಕ ಉಪ್ಪುಕಾಗದದಿಂದ ಮೈಯನ್ನು ತುಸು ಒರಟುಗೊಳಿಸಿ, ಬಿಳಿ ಸಿಮೆಂಟ್, ಜರಡಿ ಹಿಡಿದ ಮರಳು ಮತ್ತು ಮರಗೆಲಸದ ಬಿಳಿ ಅಂಟನ್ನು ನೀರಿನಲ್ಲಿ ಕಲಸಿ ತೆಳುವಾಗಿ ಎರಡು ಸಲ ಬಳಿಯಬೇಕು. ಒಮ್ಮೆಗೇ ದಪ್ಪವಾಗಿ ಬಳಿದರೆ ಬಿರುಕು ಬಿಡುತ್ತದೆ. ಪೆಟ್ರೋಲ್ ಅಥವಾ ಥಿನ್ನರ್ ಬೆರೆತ ಅಂಟು, ಸ್ಪ್ರೇ ಬಣ್ಣಗಳು ತಾಗಿದೊಡನೆ ಥರ್ಮಾಕೋಲ್ ಕರಗುತ್ತದೆ. ನೀರು ಬೆರೆಸುವ ಬಣ್ಣಗಳೇ ತಕ್ಕವು.

ಬಣ್ಣ ಹಾಕುವ ಮುನ್ನ ನಿಜವಾದ ಕಲ್ಲೊಂದನ್ನು ಎದುರಿಗಿಟ್ಟು ನೋಡಬೇಕು. ಗ್ರಾನೈಟ್ ಒಂದೇ ಬಣ್ಣದ್ದಲ್ಲ; ಬೂದು, ಕಪ್ಪು, ಬಿಳಿ ಕಣಗಳ ಕೂಟ. ಬೂದುಬಣ್ಣ ಬಳಿದು ಒಣಗಿಸಿ, ನೀರಾದ ಕಡುಬಣ್ಣವನ್ನು ಹಚ್ಚಿ ಒಡನೆಯೇ ಬಟ್ಟೆಯಿಂದ ಒರೆಸಿದರೆ ಕುಳಿಗಳಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬೆರಳಿನಿಂದ ಮೀಟಿ ಕಪ್ಪುಬಿಳುಪಿನ ಹನಿಗಳನ್ನು ಚಿಮುಕಿಸುವ ಕೆಲಸವನ್ನು ಮಕ್ಕಳಿಗೇ ಬಿಡಬಹುದು. ಹೊಳಪಿನ ವಾರ್ನಿಷ್ ಹಚ್ಚಿದರೆ ಕಲ್ಲು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ನೆರಳನ್ನು ಬಣ್ಣದಿಂದ ಬರೆಯುವ ಅಗತ್ಯವಿಲ್ಲ: ಪಕ್ಕದ ಕಿಟಕಿಯಿಂದ ಓರೆಯಾಗಿ ಬೀಳುವ ಬೆಳಕು ಉಬ್ಬಕ್ಷರಕ್ಕೆ ತಾನೇ ನೆರಳು ಕೊಡುತ್ತದೆ.

ಥರ್ಮಾಕೋಲ್ ಬೇಗ ಬೆಂಕಿ ಹಿಡಿಯುವ ವಸ್ತು. ಸಿಮೆಂಟಿನ ತೆಳುಲೇಪವನ್ನು ನಂಬಿ ಅದನ್ನು ದೀಪ, ಸ್ವಿಚ್ಚು, ಒಲೆಗಳ ಬಳಿ ಇಡಬಾರದು. ಅಂಥ ಜಾಗಕ್ಕೂ ಹೊರಹೋಗುವ ದಾರಿಯ ಗೋಡೆಗೂ ಸಿಮೆಂಟಿನಲ್ಲೇ ಎರಕ ಹೊಯ್ದ ತೆಳು ಅಕ್ಷರ ಒಳ್ಳೆಯದು.

ಗೋಡೆಗೆ ಏರಿಸುವ ಮುನ್ನ ಇನ್ನೊಂದು ಪರೀಕ್ಷೆ ಉಳಿದಿರುತ್ತದೆ. ಅಕ್ಷರಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ, ಒತ್ತಕ್ಷರಗಳನ್ನು ಆಗತಾನೇ ಕಲಿತ ಮಗುವೊಂದರಿಂದ ಓದಿಸಬೇಕು. ದೊಡ್ಡವರು ತಪ್ಪಿದ್ದರೂ ಊಹಿಸಿ ಸರಿಯಾಗಿಯೇ ಓದಿಬಿಡುತ್ತಾರೆ. ಮಗು ಇದ್ದುದನ್ನು ಇದ್ದಂತೆ ಓದುತ್ತದೆ. ಅದು ‘ಪಾರಶಾಲೆ’ ಎಂದರೆ, ಎಲ್ಲೋ ಬಿದ್ದಿರುವ ಚುಕ್ಕೆಯನ್ನು ಹುಡುಕಿ ಅಂಟಿಸುವುದಕ್ಕೆ ಇನ್ನೂ ಸಮಯವಿದೆ.