ಆಂಬುಲೆನ್ಸ್‌ಗಿಂತ ಮೊದಲು ಬರುವವರು

ಎದೆಗೂಡಿನ ನಡುಮೂಳೆಯ ಮೇಲೆ ಅಂಗೈ ಊರಿ, ಮೊಣಕೈ ಬಗ್ಗಿಸದೆ, ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಎರಡೇ ನಿಮಿಷಕ್ಕೆ ಗಟ್ಟಿ ಆಳಿಗೂ ಏದುಸಿರು. ಪಕ್ಕೆಲುಬು ಲಟಕ್ಕೆಂದರೂ ನಿಲ್ಲಿಸುವಂತಿಲ್ಲ. ಹೃದಯ ನಿಂತವರಿಗೆ ಹೀಗೆ ಎದೆ ಒತ್ತುವ ಸಿಪಿಆರ್ ಆಗಲಿ, ಎಇಡಿ ಯಂತ್ರದ ಶಾಕ್ ಆಗಲಿ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಆಂಬುಲೆನ್ಸ್ ಹತ್ತು ನಿಮಿಷಕ್ಕೆ ಬಂತೆಂದರೆ ನಮ್ಮ ರಸ್ತೆಗಳಲ್ಲಿ ಅದೇ ಪುಣ್ಯ. ಆ ಹತ್ತು ನಿಮಿಷ ಯಾರದು?

ಬ್ರಿಟನ್ನಿನ ಹಳ್ಳಿಗಳಲ್ಲಿ ಅದು ನೆರೆಯವರದು. ‘ಕಮ್ಯುನಿಟಿ ಫಸ್ಟ್ ರೆಸ್ಪಾಂಡರ್’ ಎಂದು ಹೆಸರು, ಸಂಬಳವಿಲ್ಲ. 999ಕ್ಕೆ ಕರೆ ಬಂದೊಡನೆ ಕಂಟ್ರೋಲ್ ರೂಮ್ ಆಂಬುಲೆನ್ಸನ್ನೂ ಹೊರಡಿಸುತ್ತದೆ, ಅದೇ ಊರಿನ ಸ್ವಯಂಸೇವಕರನ್ನೂ ಎಬ್ಬಿಸುತ್ತದೆ. ಆಮ್ಲಜನಕ, ಎಇಡಿ ಇರುವ ಚೀಲ ಎತ್ತಿಕೊಂಡು ಬಹುತೇಕರು ಸ್ವಂತ ಕಾರಿನಲ್ಲೇ ಹೊರಡುತ್ತಾರೆ. ಸಾಮಾನ್ಯವಾಗಿ ಸೈರನ್ನೂ ಇಲ್ಲ, ನೀಲಿ ದೀಪವೂ ಇಲ್ಲ. ಸಿಗ್ನಲ್ ಕೆಂಪಾದರೆ ಎಲ್ಲರಂತೆ ನಿಲ್ಲಲೇಬೇಕು. ನನಗೆ ಹಿಡಿಸಿದ್ದು ಇದೇ: ಹೀರೋಗಿರಿಗೆ ಅಲ್ಲಿ ಜಾಗವಿಲ್ಲ. ಸಿನಿಮಾದಲ್ಲಿ ತೋರಿಸುವಂಥ ಕರೆಗಳೂ ಕಡಿಮೆ. ಬಿದ್ದ ಅಜ್ಜಿ, ಉಬ್ಬಸದ ಮಗು, ಎದೆನೋವಿನ ಯಜಮಾನರು. ಪಕ್ಕದಲ್ಲಿ ಕೂತು ಉಸಿರು, ನಾಡಿ ಗಮನಿಸುತ್ತ ಧೈರ್ಯ ಹೇಳುವುದೇ ಎಷ್ಟೋ ಸಲ ಮುಖ್ಯ ಕೆಲಸ. ಸಿಂಗಪುರದಲ್ಲಿ 2015ರಿಂದ ‘ಮೈರೆಸ್ಪಾಂಡರ್’ ಆ್ಯಪ್ ಇದೆ. ಹತ್ತಿರದಲ್ಲಿ ಯಾರದಾದರೂ ಹೃದಯ ನಿಂತಿರುವ ಶಂಕೆ ಬಂದರೆ ಮೊಬೈಲ್ ಕೂಗುತ್ತದೆ.

ನಮ್ಮಲ್ಲಿ 108 ‘ಆರೋಗ್ಯ ಕವಚ’ 2008ರಲ್ಲೇ ಬಂತು. ಆದರೆ ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಲು ಜನ ಹಿಂಜರಿಯುತ್ತಿದ್ದರು. “ಪೊಲೀಸ್ ಕೇಸು, ಕೋರ್ಟ್ ಅಲೆದಾಟ ಯಾರಿಗೆ ಬೇಕು ಮಾರಾಯ್ರೇ” ಎಂಬ ಮಾತು ಸುಳ್ಳೇನೂ ಆಗಿರಲಿಲ್ಲ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ತನ್ನದೇ ಕಾಯ್ದೆ ಮಾಡಿಕೊಂಡಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೇ 134ಎ ಸೆಕ್ಷನ್ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಇಂದು ತಮ್ಮ ಹೆಸರು ಹೇಳಲೇಬೇಕೆಂದಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಹೋದ ಮೇಲೆ ಸರ್ಕಾರ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಉಚಿತ. ಒಳ್ಳೆಯದೇ. ಆದರೆ ಅದು ಶುರುವಾಗುವುದು ಆಸ್ಪತ್ರೆಯ ಗೇಟಿನಿಂದ. ಮನೆಯ ಜಗಲಿಯಿಂದ ಆ ಗೇಟಿನವರೆಗಿನ ದಾರಿಗೆ 108ರ ಜೊತೆಗೆ ತರಬೇತಾದ ಊರವರೂ ಬೇಕು.

ಶಿರಾಡಿ ಘಾಟಿಯಲ್ಲಿ ರಾತ್ರಿ ಎರಡಕ್ಕೆ ಲಾರಿ ಮಗುಚಿದರೆ ಎಚ್ಚರವಿರುವವರು ಪಂಕ್ಚರ್ ಅಂಗಡಿಯವರು, ಹೋಟೆಲಿನವರು. ತರಬೇತಿ ಅವರಿಂದಲೇ ಶುರುವಾಗಲಿ; ಅವರ ನಂಬರು 108ರ ಕಂಟ್ರೋಲ್ ರೂಮಿನಲ್ಲಿರಲಿ. ಮೊದಲ ಪಾಠ ಸಿಪಿಆರ್ ಕೂಡ ಅಲ್ಲ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹುಯ್ಯಬಾರದು, ಫಿಟ್ಸ್ ಬಂದವರ ಕೈಗೆ ಬೀಗದ ಕೈ ತುರುಕಬಾರದು, ಬೆನ್ನುಮೂಳೆಗೆ ಪೆಟ್ಟಾದವರನ್ನು ಮಡಚಿ ಆಟೊಗೆ ತುಂಬಬಾರದು. ಸುತ್ತ ನೆರೆದ ಐವತ್ತು ಮಂದಿ ಇದನ್ನೆಲ್ಲ ಮಾಡಲು ಮುನ್ನುಗ್ಗುವಾಗ ಅಡ್ಡ ನಿಂತು, ಬಟ್ಟೆ ಮಡಚಿ ರಕ್ತ ಸೋರುವಲ್ಲಿ ಅದುಮಿ ಹಿಡಿಯುವ ಒಬ್ಬರು ಅಲ್ಲಿರಬೇಕು.