ಓಡಿ ಬಂದವರನ್ನು ಹಿಂಸೆಯ ಕೈಗೆ ಒಪ್ಪಿಸಬಹುದೇ?



ಪವಿತ್ರ ಕುಟುಂಬದ ಹಬ್ಬದಂದು ನಾವು ಕೇಳುವ ಶುಭಸಂದೇಶಗಳಲ್ಲಿ ಈಜಿಪ್ಟಿಗೆ ಪಲಾಯನದ ವೃತ್ತಾಂತವೂ ಒಂದು (ಮತ್ತಾಯ 2:13-15, 19-23). ಹೆರೋದನ ಕತ್ತಿಯಿಂದ ತಪ್ಪಿಸಿಕೊಳ್ಳಲು ಜೋಸೆಫರು ರಾತ್ರೋರಾತ್ರಿ ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಪರದೇಶಕ್ಕೆ ಹೊರಟರು. ಈಜಿಪ್ಟಿನ ಅಧಿಕಾರಿಗಳು ಅವರನ್ನು ಗಡಿಯಲ್ಲೇ ಹಿಡಿದು ಹೆರೋದನ ಸೈನಿಕರಿಗೆ ಒಪ್ಪಿಸಿದ್ದರೆ ಏನಾಗುತ್ತಿತ್ತು?

ಈ ವೃತ್ತಾಂತದ ಕೊನೆಯ ಭಾಗವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಹೆರೋದ ಸತ್ತ ಮೇಲೂ ಜೋಸೆಫರು ನೇರವಾಗಿ ಜುದೇಯಕ್ಕೆ ಹೋಗಲಿಲ್ಲ. ಅಲ್ಲಿ ಅವನ ಮಗ ಆಳುತ್ತಿದ್ದಾನೆಂದು ಕೇಳಿ ಹೆದರಿದರು. ದಾರಿ ಬದಲಿಸಿ ಗಲಿಲೇಯದ ನಜರೇತಿನಲ್ಲಿ ನೆಲೆಸಿದರು. ಹಿಂದಿರುಗಿದರೆ ಜೀವಕ್ಕೆ ಅಪಾಯವಿದೆಯೇ ಎಂಬುದೇ ಅವರ ಪ್ರಶ್ನೆಯಾಗಿತ್ತು. ಒಬ್ಬ ಮನುಷ್ಯನನ್ನು ಅವನ ದೇಶಕ್ಕೆ ಬಲವಂತವಾಗಿ ಕಳುಹಿಸುವ ಮೊದಲು ಇಂದಿನ ಅಂತರರಾಷ್ಟ್ರೀಯ ಕಾನೂನು ಕೇಳುವುದೂ ಅದನ್ನೇ.

ಸುರಪುರದ ನೆನಪು

ಹಿಡಿದು ಒಪ್ಪಿಸುವುದೆಂದರೇನು ಎಂಬುದು ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಗೆ ಹೊಸದಲ್ಲ. 1858ರ ಫೆಬ್ರುವರಿಯಲ್ಲಿ ಬ್ರಿಟಿಷರ ಸೈನ್ಯದೊಡನೆ ಕಾದಾಡಿದ ಸುರಪುರದ ರಾಜಾ ವೆಂಕಟಪ್ಪ ನಾಯಕರು ಸಂಸ್ಥಾನ ಬಿಟ್ಟು ಹೈದರಾಬಾದಿಗೆ ಹೋದರು. ಅಲ್ಲಿ ಸಿಕ್ಕಿಬಿದ್ದ ಅವರನ್ನು ನಿಜಾಮರ ದಿವಾನ ಸಾಲಾರ್ ಜಂಗ್ ಬ್ರಿಟಿಷ್ ರೆಸಿಡೆಂಟರಿಗೆ ಒಪ್ಪಿಸಿದರು. ಮರಣದಂಡನೆಯ ತೀರ್ಪಾಯಿತು, ಆಮೇಲೆ ಅದನ್ನು ಇಳಿಸಿ ಸೆರೆವಾಸ ವಿಧಿಸಿದರು. ಸೆರೆಮನೆಗೆ ಒಯ್ಯುವ ದಾರಿಯಲ್ಲೇ ಆ ಎಳೆಯ ರಾಜರು ಗುಂಡಿನಿಂದ ಅಸುನೀಗಿದರು. ಒಪ್ಪಿಸಿದರೆ ಅವರಿಗೆ ಏನಾದೀತು ಎಂದು ಕೇಳಬೇಕಾದ ಕಾನೂನು ಆ ಕಾಲದಲ್ಲಿ ಇರಲಿಲ್ಲ. ಈಗ ಇದೆಯೇ?

ಕಾನೂನು ಏನು ಹೇಳುತ್ತದೆ?

ವಿಶ್ವಸಂಸ್ಥೆಯು 1984ರ ಡಿಸೆಂಬರ್ 10ರಂದು ಚಿತ್ರಹಿಂಸೆಯ ವಿರುದ್ಧ ಒಂದು ಒಪ್ಪಂದವನ್ನು ಅಂಗೀಕರಿಸಿತು. 1987ರ ಜೂನ್ 26ರಂದು ಅದು ಜಾರಿಗೆ ಬಂತು. ತಪ್ಪೊಪ್ಪಿಗೆ ಪಡೆಯಲು, ಶಿಕ್ಷಿಸಲು ಅಥವಾ ಬೆದರಿಸಲು ಸರಕಾರಿ ಅಧಿಕಾರಿಗಳು ತಾವಾಗಿಯೋ ಅವರ ಸಮ್ಮತಿಯಿಂದ ಬೇರೆಯವರೋ ಬೇಕೆಂದೇ ಕೊಡುವ ತೀವ್ರವಾದ ದೈಹಿಕ ಇಲ್ಲವೆ ಮಾನಸಿಕ ನೋವನ್ನು ಅದು ಚಿತ್ರಹಿಂಸೆ ಎಂದು ಕರೆಯುತ್ತದೆ. ಅದರ ಮೂರನೆಯ ವಿಧಿ ಹೇಳುವುದಿಷ್ಟು: ಒಬ್ಬನು ಚಿತ್ರಹಿಂಸೆಗೆ ಗುರಿಯಾಗುವ ಅಪಾಯವಿದೆಯೆಂದು ನಂಬಲು ಬಲವಾದ ಕಾರಣಗಳಿದ್ದರೆ, ಆ ದೇಶಕ್ಕೆ ಅವನನ್ನು ಹೊರಹಾಕಬಾರದು, ವಾಪಸು ಕಳುಹಿಸಬಾರದು, ಹಸ್ತಾಂತರಿಸಲೂ ಬಾರದು.

ಈ ನಿಯಮಕ್ಕೆ ಅಪವಾದವಿಲ್ಲ. 1951ರ ನಿರಾಶ್ರಿತರ ಒಪ್ಪಂದವೂ ಅಪಾಯದ ಕಡೆಗೆ ಹಿಂದಕ್ಕೆ ಅಟ್ಟಬಾರದೆನ್ನುತ್ತದೆ. ಆದರೆ ದೇಶದ ಭದ್ರತೆಗೆ ಕಂಟಕನಾದವನಿಗೆ ಆ ರಕ್ಷಣೆಯನ್ನು ನಿರಾಕರಿಸಬಹುದು. ಚಿತ್ರಹಿಂಸೆಯ ವಿಷಯದಲ್ಲಿ ಹಾಗಿಲ್ಲ. ಕೊಲೆ ಮಾಡಿದವನಾಗಲಿ, ಭಯೋತ್ಪಾದನೆಯ ಆರೋಪ ಹೊತ್ತವನಾಗಲಿ, ಅವನನ್ನು ವಿಚಾರಣೆಗೆ ಒಳಪಡಿಸಬಹುದು, ಶಿಕ್ಷಿಸಬಹುದು. ಹಿಂಸಿಸುವವರ ಕೈಗೆ ಮಾತ್ರ ಕೊಡುವಂತಿಲ್ಲ.

ಅಪರಾಧಿಗೂ ಇಂಥ ರಕ್ಷಣೆಯೇ ಎಂದು ಕೆಲವರಿಗೆ ಅನಿಸಬಹುದು. ಹಿಂಸೆ ಅನುಭವಿಸುವವನು ಎಂಥವನು ಎಂಬುದರಿಂದ ಹಿಂಸೆ ಒಳ್ಳೆಯದಾಗುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಮನುಷ್ಯನ ಘನತೆಗೆ ಕಳಂಕ ತರುವ ಕೃತ್ಯಗಳನ್ನು ಹೆಸರಿಸಿದಾಗ ದೇಹ ಮನಸ್ಸುಗಳ ಮೇಲಿನ ಹಿಂಸೆಯನ್ನೂ ಗಡೀಪಾರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿತು. ಅದಕ್ಕೂ ಬಹಳ ಹಿಂದೆ, ಒಡೆಯನಿಂದ ತಪ್ಪಿಸಿಕೊಂಡು ಬಂದ ಗುಲಾಮನನ್ನು ಮತ್ತೆ ಆ ಒಡೆಯನಿಗೆ ಒಪ್ಪಿಸಕೂಡದೆಂದು ಧರ್ಮೋಪದೇಶಕಾಂಡ (23:15-16) ವಿಧಿಸಿತ್ತು.

ಭಾರತದ ಮುಂದಿಟ್ಟ ಕನ್ನಡಿ

ಈ ನಿಯಮದ ಅತಿ ಪ್ರಸಿದ್ಧ ತೀರ್ಪುಗಳಲ್ಲಿ ಒಂದು ನಮ್ಮ ದೇಶಕ್ಕೇ ಸಂಬಂಧಿಸಿದ್ದು. ಬ್ರಿಟನ್ನಿನಲ್ಲಿ ನೆಲೆಸಿದ್ದ ಚಾಹಲ್ ಎಂಬ ಸಿಖ್ ವ್ಯಕ್ತಿಯನ್ನು ಭದ್ರತೆಯ ಕಾರಣಕ್ಕೆ ಭಾರತಕ್ಕೆ ಕಳುಹಿಸಲು ಅಲ್ಲಿನ ಸರಕಾರ ನಿರ್ಧರಿಸಿತ್ತು. ಅವರನ್ನು ಹಿಂಸಿಸುವುದಿಲ್ಲವೆಂದು ಭಾರತ ಸರಕಾರ ಭರವಸೆಯನ್ನೂ ನೀಡಿತ್ತು. ಆದರೆ ಪಂಜಾಬ್ ಪೊಲೀಸರಿಂದ ಅಪಾಯ ನಿಜವಾಗಿಯೂ ಇದೆ, ಆ ಭರವಸೆ ಸಾಲದು ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 1996ರ ನವೆಂಬರ್ 15ರಂದು ತಡೆಯಿತು.

ಇನ್ನೊಂದು ಪ್ರಕರಣ ಪಶ್ಚಿಮ ಬಂಗಾಳದ ಪುರುಲಿಯಾದ್ದು. 1995ರ ಡಿಸೆಂಬರಿನಲ್ಲಿ ಅಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಉದುರಿಸಿದ ಪ್ರಕರಣದ ಆರೋಪಿ, ಡೆನ್ಮಾರ್ಕಿನ ನೀಲ್ಸ್ ಹೋಲ್ಕ್ ಎಂಬಾತನನ್ನು ಭಾರತ ಕೇಳುತ್ತಲೇ ಬಂದಿದೆ. ಚಿತ್ರಹಿಂಸೆಯ ಅಪಾಯವಿದೆಯೆಂದು 2011ರಲ್ಲೂ ಮತ್ತೆ 2024ರಲ್ಲೂ ಅಲ್ಲಿನ ನ್ಯಾಯಾಲಯಗಳು ಹಸ್ತಾಂತರವನ್ನು ನಿರಾಕರಿಸಿದವು. ನಮ್ಮ ಠಾಣೆ, ಜೈಲುಗಳ ಮೇಲೆ ಹೊರಗಿನವರಿಗೆ ನಂಬಿಕೆ ಬಾರದಿದ್ದರೆ ನಮ್ಮ ನ್ಯಾಯಾಲಯಗಳಲ್ಲೇ ವಿಚಾರಣೆ ನಿಂತುಹೋಗುತ್ತದೆ.

ನಮ್ಮಲ್ಲಿ ಏನಿದೆ, ಏನಿಲ್ಲ?

ಭಾರತವು ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರ ಅಕ್ಟೋಬರ್ 14ರಂದು ಸಹಿ ಹಾಕಿತು, ಇದುವರೆಗೂ ಅನುಮೋದಿಸಿಲ್ಲ. 2010ರ ಮೇ ತಿಂಗಳಲ್ಲಿ ಲೋಕಸಭೆಯು ಒಪ್ಪಿದ ಚಿತ್ರಹಿಂಸೆ ತಡೆ ಮಸೂದೆ ರಾಜ್ಯಸಭೆಯ ಸಮಿತಿಯ ಮುಂದೆ ಹೋಗಿ, ಕೊನೆಗೆ ಬಿದ್ದುಹೋಯಿತು. ಒಪ್ಪಂದವನ್ನು ಅನುಮೋದಿಸಿ ಕಾನೂನು ತನ್ನಿರೆಂದು ಕಾನೂನು ಆಯೋಗ 2017ರಲ್ಲಿ ತನ್ನ 273ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಅದೂ ಕೈಗೂಡಲಿಲ್ಲ. 1951ರ ಒಪ್ಪಂದಕ್ಕೂ ನಾವು ಸೇರಿಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಈ ರಕ್ಷಣೆಯ ಮಾತಿಲ್ಲ.

ಉಳಿದಿರುವುದು ಸಂವಿಧಾನದ 21ನೆಯ ವಿಧಿ. ಅದು ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯನ್ನು ನಾಗರಿಕನಿಗಷ್ಟೇ ಅಲ್ಲ, ಪ್ರತಿಯೊಬ್ಬ ವ್ಯಕ್ತಿಗೂ ಕೊಡುತ್ತದೆ. ಅರುಣಾಚಲ ಪ್ರದೇಶದ ಚಕ್ಮಾ ಜನರನ್ನು ಬಲವಂತದಿಂದ ಓಡಿಸಬಾರದೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದು ಇದರ ಬಲದಿಂದಲೇ. ಅಪಾಯದ ಕಡೆಗೆ ಹಿಂದಕ್ಕೆ ಅಟ್ಟಬಾರದೆಂಬ ತತ್ವ ಈ ವಿಧಿಯಲ್ಲೇ ಅಡಗಿದೆಯೆಂದು 1998ರಲ್ಲಿ ಇಬ್ಬರು ಇರಾಕಿಗಳ ಪ್ರಕರಣದಲ್ಲಿ ಗುಜರಾತ್ ಹೈಕೋರ್ಟ್ ಹೇಳಿತು. 2021ರ ಮೇ ತಿಂಗಳಲ್ಲಿ ಮಣಿಪುರ ಹೈಕೋರ್ಟ್, ಮ್ಯಾನ್ಮಾರಿನಿಂದ ಓಡಿಬಂದ ಏಳು ಮಂದಿ ದೆಹಲಿಗೆ ಹೋಗಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯ ಬಾಗಿಲು ತಟ್ಟಲು ಅವಕಾಶ ಮಾಡಿಕೊಟ್ಟಿತು.

ಆದರೆ ಈ ಆಸರೆ ಗಟ್ಟಿಯಲ್ಲ. 1937ರಿಂದ ಭಾರತದಲ್ಲಿದ್ದ ವಿದೇಶೀ ಧರ್ಮಪ್ರಚಾರಕ ಲೂಯಿ ಡಿ ರೇಟ್ ಅವರು ದೇಶ ಬಿಡಬೇಕೆಂಬ ಆದೇಶದ ವಿರುದ್ಧ ಹೋರಾಡಿದಾಗ, ಜೀವದ ಹಕ್ಕು ವಿದೇಶಿಯರಿಗೂ ಇದೆ, ಇಲ್ಲಿ ನೆಲೆಸುವ ಹಕ್ಕು ಮಾತ್ರ ಇಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪಿತ್ತಿತು. 2021ರ ಏಪ್ರಿಲ್ 8ರಂದು ಜಮ್ಮುವಿನ ರೋಹಿಂಗ್ಯಾ ಜನರ ವಿಷಯದಲ್ಲೂ ಅದೇ ದಾರಿ ಹಿಡಿಯಿತು: ಹೊರಹಾಕಿಸಿಕೊಳ್ಳದಿರುವ ಹಕ್ಕು ನಾಗರಿಕರದು, ಆದರೂ ವಿಧಿವತ್ತಾದ ಕ್ರಮ ಅನುಸರಿಸದೆ ಅವರನ್ನು ಕಳುಹಿಸಬಾರದು. ಹೀಗೆ ಆಶ್ರಯಾರ್ಥಿಯ ಜೀವ, ಅವನ ಮೊರೆ ಸಕಾಲದಲ್ಲಿ ಯಾವ ನ್ಯಾಯಾಲಯದ ಮುಂದೆ ಬಂತು ಎಂಬುದರ ಮೇಲೆ ನಿಂತಿದೆ. ಬರೆದಿಟ್ಟ ಕಾನೂನಿದ್ದರೆ ಅವನು ಹೀಗೆ ಅದೃಷ್ಟವನ್ನು ನಂಬಬೇಕಿರಲಿಲ್ಲ.

ಆಶ್ರಯ ಕೊಡುವುದು ಕನ್ನಡಿಗರಿಗೆ ಗೊತ್ತಿಲ್ಲದ್ದೇನಲ್ಲ. 1960ರ ದಶಕದಿಂದ ಬೈಲಕುಪ್ಪೆ, ಮುಂಡಗೋಡಗಳಲ್ಲಿ ಟಿಬೆಟಿನವರು ಉಳುಮೆ ಮಾಡಿಕೊಂಡು ಬಾಳುತ್ತಿದ್ದಾರೆ. ಅವರಿಗೆ ಭೂಮಿ ಕೊಟ್ಟದ್ದು ನಮ್ಮದೇ ರಾಜ್ಯ.

ಗುಳೆ ಹೋಗುವವರ ಮಾತು

ಇದೆಲ್ಲ ಪರದೇಶಿಗಳ ವಿಷಯ, ನಮಗೇಕೆ ಎನ್ನಬೇಡಿ. ಸುಗ್ಗಿ ಮುಗಿದೊಡನೆ ನಮ್ಮ ಹಳ್ಳಿಗಳಿಂದ ಎಷ್ಟೋ ಕುಟುಂಬಗಳು ಮನೆಗೆ ಬೀಗ ಹಾಕಿ, ಪಾತ್ರೆ ಪಗಡೆ ಚೀಲಕ್ಕೆ ತುಂಬಿ ಬೆಂಗಳೂರಿಗೆ, ಮುಂಬಯಿಗೆ, ಪುಣೆಗೆ ಗುಳೆ ಹೋಗುತ್ತವೆ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದೇಶಿಗಳಿದ್ದಾರೆಂದು ಹೇಳಿ ಕೂಲಿಕಾರರ ಶೆಡ್ಡುಗಳನ್ನು ಕೆಡವಿದರು. ಅಲ್ಲಿ ವಾಸವಾಗಿದ್ದವರಲ್ಲಿ ಉತ್ತರ ಕರ್ನಾಟಕದ ಬಡವರೂ ಇದ್ದರು. ಹೈಕೋರ್ಟ್ ಮಧ್ಯೆ ಬಂದು ತಡೆಯಬೇಕಾಯಿತು. 2025ರ ಜೂನಿನಲ್ಲಿ, ದೆಹಲಿಯಲ್ಲಿ ದುಡಿಯುತ್ತಿದ್ದ ಪಶ್ಚಿಮ ಬಂಗಾಳದ ಒಬ್ಬ ಗರ್ಭಿಣಿಯನ್ನು ಮನೆಯವರ ಸಮೇತ ಬಾಂಗ್ಲಾದೇಶಕ್ಕೆ ದಾಟಿಸಿದರು. ಆಕೆ ಭಾರತಕ್ಕೆ ಮರಳಿದ್ದು ಹೈಕೋರ್ಟಿನ ಆದೇಶದ ನಂತರ, ಡಿಸೆಂಬರಿನಲ್ಲಿ. ವಿಚಾರಣೆಯಿಲ್ಲದೆ ಹೊರದಬ್ಬುವ ಕೈ ಮೊದಲು ಹಿಡಿಯುವುದು ಕಾಗದಪತ್ರವಿಲ್ಲದ ಬಡವರನ್ನು.

ಆದ್ದರಿಂದ ಗುಳೆ ಹೊರಡುವವರ ಗುರುತಿನ ಚೀಟಿ, ಪಡಿತರ ಚೀಟಿಗಳ ನಕಲನ್ನು ಊರಲ್ಲೊಬ್ಬರು ಇಟ್ಟುಕೊಂಡಿರಲಿ. ಯಾರನ್ನಾದರೂ ಹಿಡಿದೊಯ್ದರೆ ಉಚಿತ ಕಾನೂನು ನೆರವಿಗಾಗಿ 15100ಕ್ಕೆ ಕರೆ ಮಾಡಬಹುದು. ಬಂಧನದಲ್ಲಿರುವ ಯಾರಿಗೇ ಆದರೂ ಈ ನೆರವು 1987ರ ಕಾಯ್ದೆಯಂತೆ ದೊರೆಯಬೇಕು. ಮತ ಕೇಳಲು ಬರುವ ಸಂಸದರನ್ನು, 1997ರ ಸಹಿ ಏಕೆ ಇನ್ನೂ ಕಾನೂನಾಗಿಲ್ಲ ಎಂದು ಕೇಳೋಣ.

ಮುಂದಿನ ಸಲ ಈಜಿಪ್ಟಿನ ದಾರಿ ಹಿಡಿದ ಆ ಮೂವರ ಚಿತ್ರ ನೋಡುವಾಗ, ಅವರನ್ನು ಹಿಂದಕ್ಕೆ ಕಳುಹಿಸದೆ ಬಿಟ್ಟ ಹೆಸರಿಲ್ಲದ ಈಜಿಪ್ಟಿನವರನ್ನೂ ನೆನೆಯೋಣ. ನಾವು ಆಗಬೇಕಾದದ್ದು ಅವರಂತೆ.