ಕ್ಷಯಕ್ಕೆ ಮಾತ್ರೆಯ ಜತೆ ಪಡಿತರ

ಕ್ಷಯದ ಬ್ಯಾಕ್ಟೀರಿಯಾ ದೇಹ ಹೊಕ್ಕವರೆಲ್ಲ ಕಾಯಿಲೆ ಬೀಳುವುದಿಲ್ಲ. ಬಹುತೇಕರಲ್ಲಿ ರೋಗನಿರೋಧಕ ಶಕ್ತಿ ಅದನ್ನು ಅದುಮಿಡುತ್ತದೆ. ಹೊಟ್ಟೆಗೆ ಸಾಲದಾದಾಗ ಆ ಶಕ್ತಿ ಕುಂದಿ ರೋಗ ತಲೆಯೆತ್ತುತ್ತದೆ. ರೋಗಿಗೆ ಊಟ ಸೇರದು, ತೂಕ ಇಳಿಯುತ್ತದೆ. ಕೂಲಿ ತಪ್ಪಿ ಮನೆಮಂದಿಯ ಊಟಕ್ಕೂ ಕತ್ತರಿ ಬೀಳುತ್ತದೆ. ಅದೇ ಸೂರಿನಡಿಯ ಇನ್ನೊಬ್ಬರು ಹಾಸಿಗೆ ಹಿಡಿಯಲು ಇಷ್ಟು ಸಾಕು. ಆರು ತಿಂಗಳ ಮಾತ್ರೆಯನ್ನು ಸರ್ಕಾರಿ ಆಸ್ಪತ್ರೆ ಉಚಿತವಾಗಿ ಕೊಟ್ಟರೂ ಮನೆಯ ಹಸಿವು ಹಾಗೆಯೇ ಉಳಿಯುತ್ತದೆ.

ಔಷಧಿಯ ಜತೆ ಆಹಾರವೂ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ 2022ರವರೆಗೆ ನಡೆದ ‘ರೇಷನ್ಸ್’ ಅಧ್ಯಯನ ಅಳೆದು ತೋರಿಸಿತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅದರ ಮುಂದಾಳುಗಳು. ಅಧ್ಯಯನದಲ್ಲಿದ್ದ 2,800 ರೋಗಿಗಳ ಪೈಕಿ ಐವರಲ್ಲಿ ನಾಲ್ವರು ಅಪೌಷ್ಟಿಕತೆಯಿಂದ ಬಳಲುತ್ತಿದ್ದರು. ಎಲ್ಲರಿಗೂ ಪ್ರತಿ ತಿಂಗಳು ಅಕ್ಕಿ, ಹುರಿದ ಕಡಲೆಯ ಹಿಟ್ಟು, ಹಾಲಿನ ಪುಡಿ, ಎಣ್ಣೆ ಸೇರಿ ಸುಮಾರು 10 ಕಿಲೋ ದಿನಸಿ ತಲುಪಿತು. ಕುಟುಂಬಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನಲ್ಲಿ ರೋಗಿಯ ಮನೆಯವರಿಗೂ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಡಲಾಯಿತು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣ ಇನ್ನೊಂದು ಗುಂಪಿಗಿಂತ ಶೇ 39ರಷ್ಟು ಕಡಿಮೆ ಇತ್ತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯವೂ ಅರ್ಧಕ್ಕಿಂತ ಹೆಚ್ಚು ತಗ್ಗಿತ್ತು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು.

ಸರ್ಕಾರದ ಮಟ್ಟದಲ್ಲಿ ಈ ಜೋಡಣೆ ಮೊದಲೇ ಶುರುವಾಗಿತ್ತು. ಚಿಕಿತ್ಸೆಯಲ್ಲಿರುವವರ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುವ ನಿ-ಕ್ಷಯ ಪೋಷಣ್ ಯೋಜನೆ 2018ರ ಏಪ್ರಿಲ್‌ನಲ್ಲಿ ಬಂತು. 2024ರ ನವೆಂಬರ್‌ನಿಂದ ಮೊತ್ತ 1,000 ರೂಪಾಯಿ ಆಯಿತು. 2022ರಲ್ಲಿ ಆರಂಭವಾದ ನಿ-ಕ್ಷಯ ಮಿತ್ರ ವ್ಯವಸ್ಥೆಯಡಿ ದಾನಿಗಳು, ಸಂಘ-ಸಂಸ್ಥೆಗಳು, ಕಂಪನಿಗಳು ದಿನಸಿ ಕಿಟ್ ಕೊಡುತ್ತವೆ. 2024ರಲ್ಲಿ ಅದನ್ನು ರೋಗಿಯ ಮನೆಯವರಿಗೂ ವಿಸ್ತರಿಸಲಾಯಿತು.

ಇದೆಲ್ಲ ನಡೆಯಬೇಕಾದರೆ ಇಲಾಖೆಗಳ ನಡುವೆ ಮಾಹಿತಿ ಹರಿಯಬೇಕು. ಯಾರಿಗೆ ರೋಗವಿದೆ ಎಂಬುದು ಆಸ್ಪತ್ರೆಗೆ ಗೊತ್ತು, ಆದರೆ ಅಕ್ಕಿ ಅದರ ಬಳಿ ಇಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಇದೆ, ರೋಗಿ ಯಾರೆಂಬುದು ಅದಕ್ಕೆ ತಿಳಿಯದು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಗೆ ಖಾತೆ ಇಲ್ಲದ ರೋಗಿ, ಪಡಿತರ ಚೀಟಿ ಇಲ್ಲದ ವಲಸೆ ಕೂಲಿಕಾರ ಮೊದಲು ಕಣ್ಣಿಗೆ ಬೀಳುತ್ತಾರೆ. ಆಕೆ ತಂದ ಸುದ್ದಿಯ ಮೇಲೆ ಖಾತೆ, ಚೀಟಿ ಮಾಡಿಸಿಕೊಡುವವರು ಇದ್ದರೆ ನೆರವು ಚಿಕಿತ್ಸೆಯ ಮೊದಲ ವಾರಗಳಲ್ಲೇ ತಲುಪುತ್ತದೆ. ತೂಕ ಏರಬೇಕಾದದ್ದೂ ಆಗಲೇ.